ಸಿಂಹಕ್ಕೆ ಜೀವ ಕೊಡುವ ಮುನ್ನ: ಕಾರ್ಟೂನ್ ರೋಬೋಗಳು ಕೇಳುವ ಪ್ರಶ್ನೆಗಳು

ಪಂಚತಂತ್ರದ ನಾಲ್ವರು ಗೆಳೆಯರ ಕಥೆ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತು. ಮೂವರು ಭಾರೀ ವಿದ್ಯಾವಂತರು. ನಾಲ್ಕನೆಯವನಿಗೆ ವಿದ್ಯೆ ಹತ್ತಲಿಲ್ಲ, ಆದರೆ ಲೋಕಜ್ಞಾನ ಚೆನ್ನಾಗಿತ್ತು. ಕಾಡಿನ ದಾರಿಯಲ್ಲಿ ಸತ್ತ ಪ್ರಾಣಿಯೊಂದರ ಮೂಳೆಗಳು ಕಂಡವು. ಒಬ್ಬ ಮೂಳೆ ಜೋಡಿಸಿದ. ಇನ್ನೊಬ್ಬ ಮಾಂಸ, ರಕ್ತ, ಚರ್ಮ ತುಂಬಿದ. ಮೂರನೆಯವನು ಜೀವ ಕೊಡಲು ಹೊರಟ. ‘ತಡಿಯಪ್ಪಾ, ಇದು ಸಿಂಹ. ಎದ್ದರೆ ನಮ್ಮನ್ನೇ ತಿನ್ನುತ್ತೆ’ ಎಂದು ನಾಲ್ಕನೆಯವನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಅವನು ಮರ ಹತ್ತಿ ಕುಳಿತ. ಮುಂದೇನಾಯಿತೆಂದು ಹೇಳಬೇಕಾಗಿಲ್ಲ!

ಈ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ಮೂವರು ವಿದ್ವಾಂಸರೂ ಕೆಟ್ಟವರಲ್ಲ. ಅವರ ವಿದ್ಯೆಯೂ ಸುಳ್ಳಲ್ಲ. ‘ನಮ್ಮಿಂದ ಇದನ್ನು ಮಾಡಲು ಆಗುತ್ತದೆಯೇ?’ ಎಂದು ಅವರು ಕೇಳಿಕೊಂಡರು. ‘ಇದನ್ನು ಮಾಡಬೇಕೇ?’ ಎಂದು ಕೇಳಿಕೊಳ್ಳಲಿಲ್ಲ. ತಂತ್ರಜ್ಞಾನದ ನೀತಿ ಎಂದು ದೊಡ್ಡವರು ದೊಡ್ಡ ಸಭೆಗಳಲ್ಲಿ ಮಾತಾಡುವುದು ಈ ಎರಡನೆಯ ಪ್ರಶ್ನೆಯ ಬಗ್ಗೆಯೇ.

ಪುಟಾಣಿಗಳೇ, ನೀವು ನೋಡುವ ರೋಬೋ ಕಾರ್ಟೂನುಗಳೂ ಇದೇ ಪ್ರಶ್ನೆಯನ್ನು ಕೇಳುತ್ತವೆ. ಕೆಲವಂತೂ ಬಹಳ ಚೆನ್ನಾಗಿ ಕೇಳುತ್ತವೆ. ಹಾಗಾಗಿ ‘ಏನು ನೋಡ್ತೀಯೋ, ಬರೀ ಯಂತ್ರ, ಬರೀ ಗದ್ದಲ’ ಎಂದು ಅಜ್ಜ ಟಿವಿ ಆರಿಸುವ ಮುನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಜ್ಜ-ಅಜ್ಜಿಯರೇ, ನೀವೂ ಒಮ್ಮೆ ಕುಳಿತು ನೋಡಿ. ವೇಷ ಹೊಸದು, ಒಳಗಿನ ಕಥೆ ನಿಮಗೆ ಪರಿಚಯದ್ದೇ.

ಪದ ಹುಟ್ಟಿದ್ದು ನಾಟಕದಲ್ಲಿ

‘ರೋಬೋಟ್’ ಎಂಬ ಪದ ಯಾವುದೋ ಪ್ರಯೋಗಾಲಯದಲ್ಲಿ ಹುಟ್ಟಿರಬೇಕು ಎಂದು ನಾವು ತಿಳಿದಿರುತ್ತೇವೆ. ಅಲ್ಲ, ಅದು ಹುಟ್ಟಿದ್ದು ಒಂದು ನಾಟಕದಲ್ಲಿ. ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆದರು. ಮರುವರ್ಷ ಪ್ರಾಗ್ ನಗರದಲ್ಲಿ ಅದು ರಂಗವೇರಿತು. ಮನುಷ್ಯರ ಕೆಲಸ ಮಾಡಲೆಂದೇ ಕಾರ್ಖಾನೆಯಲ್ಲಿ ತಯಾರಾದ ಜೀವಿಗಳು ಅದರ ಪಾತ್ರಗಳು. ಅವುಗಳಿಗೆ ‘ರೋಬೋಟ್’ ಎಂಬ ಹೆಸರು ಸೂಚಿಸಿದವರು ಕಾರೆಲ್ ಅವರ ಅಣ್ಣ, ಚಿತ್ರಕಾರ ಜೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೋತಾ’ ಎಂದರೆ ಬಿಟ್ಟಿ ಚಾಕರಿ, ಒಡೆಯನಿಗಾಗಿ ಕೂಲಿಯಿಲ್ಲದೆ ದುಡಿಯುವುದು. ನಾಟಕದ ರೋಬೋಗಳು ಕೊನೆಗೆ ಆ ಚಾಕರಿಯ ವಿರುದ್ಧ ತಿರುಗಿಬೀಳುತ್ತವೆ.

ಅಂದರೆ ರೋಬೋ ಕಥೆ ಹುಟ್ಟಿದ ದಿನದಿಂದಲೂ ಅದರೊಳಗೆ ನ್ಯಾಯ-ಅನ್ಯಾಯದ ಪ್ರಶ್ನೆ ಇದ್ದೇ ಇದೆ. ಯಾರು ದುಡಿಯಬೇಕು? ಯಾರು ಕುಳಿತು ತಿನ್ನಬೇಕು?

ಮುಂದೆ 1942ರಲ್ಲಿ ಅಮೆರಿಕದ ಲೇಖಕ ಐಸಾಕ್ ಅಸಿಮೋವ್ ಒಂದು ಕಥೆಯಲ್ಲಿ ರೋಬೋಗಳಿಗೆ ಮೂರು ನಿಯಮ ಹಾಕಿದರು. ಮನುಷ್ಯನಿಗೆ ಹಾನಿ ಮಾಡಬಾರದು, ಹಾನಿಯಾಗುವುದನ್ನು ನೋಡುತ್ತ ಸುಮ್ಮನಿರಲೂಬಾರದು. ಆ ನಿಯಮ ಮುರಿಯದಂತೆ, ಮನುಷ್ಯ ಹೇಳಿದ್ದನ್ನು ಕೇಳಬೇಕು. ಈ ಎರಡನ್ನೂ ಮುರಿಯದಂತೆ, ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಕೇಳಲು ಎಷ್ಟು ಅಚ್ಚುಕಟ್ಟು! ಆದರೆ ಅಸಿಮೋವ್ ಮುಂದೆ ಬರೆದ ಹತ್ತಾರು ಕಥೆಗಳಲ್ಲಿ ಈ ನಿಯಮಗಳು ಒಂದಕ್ಕೊಂದು ಗಂಟು ಹಾಕಿಕೊಂಡು ರೋಬೋಗಳು ಪೇಚಿಗೆ ಸಿಲುಕುತ್ತವೆ. ನಿಯಮ ಬರೆಯುವುದು ಸುಲಭ, ಅದು ಎಲ್ಲ ಸಂದರ್ಭಕ್ಕೂ ಹೊಂದುವಂತೆ ಮಾಡುವುದು ಕಷ್ಟ ಎಂಬುದೇ ಆ ಕಥೆಗಳ ಸ್ವಾರಸ್ಯ.

ಅಪ್ಪ ಕೈಬಿಟ್ಟ ಹುಡುಗ

ಕಾರ್ಟೂನ್ ಲೋಕದ ರೋಬೋಗಳಿಗೆಲ್ಲ ಹಿರಿಯಣ್ಣನಂತಿರುವವನು ಜಪಾನಿನ ‘ಆಸ್ಟ್ರೋ ಬಾಯ್’. ಇವನ ಸೃಷ್ಟಿಕರ್ತ ಒಸಾಮು ತೆಜುಕಾ. ಓದಿದ್ದು ವೈದ್ಯಕೀಯ, ಹಿಡಿದದ್ದು ಚಿತ್ರದ ಕುಂಚ. 1952ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಚಿತ್ರಕಥೆಯಾಗಿ ಶುರುವಾಗಿ, 1963ರ ಜನವರಿ 1ರಂದು ಟಿವಿಗೆ ಬಂತು. ಆಗ ಕಪ್ಪು-ಬಿಳುಪು. ಇಂದಿನ ಅಜ್ಜಂದಿರು ಆಗ ಶಾಲೆಗೆ ಹೋಗುತ್ತಿದ್ದ ಚಿಕ್ಕ ಮಕ್ಕಳು!

ಕಥೆ ಕರುಳು ಹಿಂಡುವಂಥದ್ದು. ಡಾಕ್ಟರ್ ತೆನ್ಮಾ ಎಂಬ ವಿಜ್ಞಾನಿಯ ಮಗ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ದುಃಖ ತಡೆಯಲಾರದೆ ತೆನ್ಮಾ ಮಗನಂತೆಯೇ ಕಾಣುವ ರೋಬೋ ಹುಡುಗನನ್ನು ಮಾಡುತ್ತಾನೆ. ಸ್ವಲ್ಪ ದಿನ ಎಲ್ಲ ಚೆನ್ನ. ಆಮೇಲೆ ಒಂದು ವಿಷಯ ಅವನಿಗೆ ಹೊಳೆಯುತ್ತದೆ. ಈ ಹುಡುಗ ಬೆಳೆಯುವುದಿಲ್ಲ! ಗೋಡೆಯ ಮೇಲೆ ಎತ್ತರದ ಗೆರೆ ಎಳೆದರೆ ಮುಂದಿನ ವರ್ಷವೂ ಅದೇ ಗೆರೆ. ಕೋಪಗೊಂಡ ತೆನ್ಮಾ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮುಂದೆ ಪ್ರೊಫೆಸರ್ ಒಚಾನೊಮಿಜು ಎಂಬ ದೊಡ್ಡ ಮೂಗಿನ, ದೊಡ್ಡ ಮನಸ್ಸಿನ ವಿಜ್ಞಾನಿ ಅವನನ್ನು ಬಿಡಿಸಿ ತಂದು ಸಾಕುತ್ತಾರೆ, ಶಾಲೆಗೆ ಕಳಿಸುತ್ತಾರೆ.

ಇಬ್ಬರು ವಿಜ್ಞಾನಿಗಳು, ಒಂದೇ ರೋಬೋ. ಹುಟ್ಟಿಸಿದವನು ಕೈಬಿಟ್ಟ, ಹುಟ್ಟಿಸದವರು ಕೈಹಿಡಿದರು. ಕುಂತಿ ನದಿಯಲ್ಲಿ ತೇಲಿಬಿಟ್ಟ ಕರ್ಣನನ್ನು ರಾಧೆ ಎತ್ತಿಕೊಂಡ ಕಥೆ ಅಜ್ಜಿಯರಿಗೆ ತಕ್ಷಣ ನೆನಪಾದೀತು. ತೆಜುಕಾ ಕೇಳುವ ಪ್ರಶ್ನೆ ಇದು: ಒಂದು ವಸ್ತುವನ್ನು ಮಾಡಿದವನ ಜವಾಬ್ದಾರಿ ಅದು ತಯಾರಾದ ಕೂಡಲೇ ಮುಗಿಯುತ್ತದೆಯೇ?

ಜಪಾನಿನಲ್ಲಿ ಈ ಹುಡುಗನ ಹೆಸರು ‘ಆಟಂ’, ಅಂದರೆ ಪರಮಾಣು. ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬ್ ಬಿದ್ದದ್ದು 1945ರಲ್ಲಿ. ಅದಾಗಿ ಕೆಲವೇ ವರ್ಷಕ್ಕೆ ಆ ದೇಶದ ಕಲಾವಿದರೊಬ್ಬರು ಒಳ್ಳೆಯ ಹುಡುಗನೊಬ್ಬನಿಗೆ ಆ ಹೆಸರಿಟ್ಟರು. ಅದೇ ಶಕ್ತಿ ಊರು ಸುಡಲೂಬಹುದು, ಕಾಪಾಡಲೂಬಹುದು ಎಂಬುದನ್ನು ಜಪಾನಿನ ಮಕ್ಕಳಿಗೆ ಬೇರೆ ವಿವರಿಸಬೇಕಿರಲಿಲ್ಲ.

ಡೋರೇಮಾನ್ ಕೊಟ್ಟ ಬ್ರೆಡ್ಡು

ಡೋರೇಮಾನ್ ಗೊತ್ತಿಲ್ಲದ ಮಗು ನಮ್ಮಲ್ಲಿ ಸಿಗುವುದು ಕಷ್ಟ. ಅಜ್ಜ-ಅಜ್ಜಿಯರಿಗಾಗಿ ಒಂದು ಮಾತು: ಇದು ಇಪ್ಪತ್ತೆರಡನೆಯ ಶತಮಾನದಿಂದ ಬಂದ ನೀಲಿ ಬೆಕ್ಕಿನ ರೋಬೋ. ನೊಬಿತಾ ಎಂಬ ಸೋಮಾರಿ ಹುಡುಗನ ಮರಿಮೊಮ್ಮಗನ ಮಗ, ‘ನಮ್ಮ ಹಿರಿಯರನ್ನು ಸ್ವಲ್ಪ ದಾರಿಗೆ ತಾ’ ಎಂದು ಅದನ್ನು ಹಿಂದಿನ ಕಾಲಕ್ಕೆ ಕಳಿಸಿರುತ್ತಾನೆ. ಮೊಮ್ಮಕ್ಕಳು ಅಜ್ಜನನ್ನು ತಿದ್ದುವ ಕಥೆ! ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕರು 1969ರ ಕೊನೆಯಲ್ಲಿ ಇದನ್ನು ಆರಂಭಿಸಿದರು.

ಡೋರೇಮಾನ್‌ನ ಹೊಟ್ಟೆಯ ಜೇಬಿನಲ್ಲಿ ಇಲ್ಲದ ಸಾಮಾನಿಲ್ಲ. ಅದರಲ್ಲೊಂದು ನೆನಪಿನ ಬ್ರೆಡ್ಡು. ಪುಸ್ತಕದ ಪುಟಕ್ಕೆ ಬ್ರೆಡ್ಡು ಒತ್ತಿ ತಿಂದರೆ ಸಾಕು, ಆ ಪುಟ ಬಾಯಿಪಾಠ! ಪರೀಕ್ಷೆಯ ಹಿಂದಿನ ದಿನ ನೊಬಿತಾ ಒಂದರ ಮೇಲೊಂದು ಬ್ರೆಡ್ಡು ತುರುಕಿಕೊಳ್ಳುತ್ತಾನೆ. ಹೊಟ್ಟೆ ಕೆಡುತ್ತದೆ. ಹೊಟ್ಟೆಯಲ್ಲಿದ್ದದ್ದರ ಜೊತೆಗೆ ತಲೆಯಲ್ಲಿದ್ದದ್ದೂ ಹೊರಗೆ!

ನಕ್ಕು ಮರೆಯುವ ಮುನ್ನ ಇದನ್ನು ಈಗಿನ ಕಾಲಕ್ಕೆ ಹೊಂದಿಸಿ ನೋಡಿ. ಇಂದು ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಯ ಆ್ಯಪ್ ತೆರೆದು ಪ್ರಬಂಧದ ವಿಷಯ ಹೇಳಿದರೆ ನಿಮಿಷದಲ್ಲಿ ಪ್ರಬಂಧ ಸಿದ್ಧ. ಹೋಂವರ್ಕ್ ಮುಗಿಯಿತು. ಆದರೆ ಕಲಿತದ್ದು ಯಾರು? ಅದೇ ಆ್ಯಪ್‌ಗೆ ‘ಈ ಲೆಕ್ಕದಲ್ಲಿ ನಾನು ಎಲ್ಲಿ ಎಡವಿದೆ, ತೋರಿಸು’ ಎಂದು ಕೇಳಿದರೆ ಅದು ಬೇರೆ ಮಾತು. ಒಂದೇ ಸಾಧನ, ಒಮ್ಮೆ ಊರುಗೋಲು, ಒಮ್ಮೆ ಮೇಷ್ಟ್ರು. ಊರುಗೋಲು ಬೇಕಾದವರಿಗೆ ಊರುಗೋಲು ಒಳ್ಳೆಯದೇ. ಕಾಲು ಗಟ್ಟಿಯಿದ್ದವರು ಹಿಡಿದರೆ ಕಾಲೇ ಸೊರಗುತ್ತದೆ. ಇನ್ನೊಂದು ಮಾತು: ಈ ಆ್ಯಪ್‌ಗಳು ಕೆಲವೊಮ್ಮೆ ತಪ್ಪನ್ನೂ ಬಲು ಧೈರ್ಯವಾಗಿ ಹೇಳುತ್ತವೆ. ತಪ್ಪು ಹಿಡಿಯಲಾದರೂ ನಮಗೆ ವಿಷಯ ತಿಳಿದಿರಬೇಕಲ್ಲ?

ಡೋರೇಮಾನ್ ಕಥೆಗಳಲ್ಲಿ ಸಾಧನ ಕೆಟ್ಟದ್ದಾಗಿರುವುದು ಅಪರೂಪ. ಹೆಚ್ಚಿನ ಸಲ ಕೆಡುವುದು ಅದನ್ನು ಅತಿಯಾಗಿ ಬಳಸಿದಾಗ, ಇಲ್ಲವೇ ಇನ್ನೊಬ್ಬರ ಮೇಲೆ ಸೇಡು ತೀರಿಸಿಕೊಳ್ಳಲು ಬಳಸಿದಾಗ.

ಬಂದೂಕಾಗಲೊಲ್ಲೆ ಎಂದ ದೈತ್ಯ

1999ರಲ್ಲಿ ಬಂದ ‘ದಿ ಐರನ್ ಜೈಂಟ್’ ಚಿತ್ರ ಥಿಯೇಟರಿನಲ್ಲಿ ಅಷ್ಟೇನೂ ಓಡಲಿಲ್ಲ. ಆದರೆ ನೋಡಿದವರು ಮರೆಯಲಿಲ್ಲ. ಇಂಗ್ಲಿಷ್ ಕವಿ ಟೆಡ್ ಹ್ಯೂಸ್ ಮಕ್ಕಳಿಗಾಗಿ 1968ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ನಿರ್ದೇಶಕ ಬ್ರ್ಯಾಡ್ ಬರ್ಡ್ ಇದನ್ನು ಮಾಡಿದರು.

ಕಥೆ ನಡೆಯುವುದು 1957ರಲ್ಲಿ, ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಸಮಯ. ಎಲ್ಲರಿಗೂ ಆಕಾಶ ನೋಡಿದರೆ ಭಯ. ಅಂಥ ಹೊತ್ತಿನಲ್ಲಿ ಆಕಾಶದಿಂದ ಕಬ್ಬಿಣ ತಿನ್ನುವ ದೈತ್ಯ ರೋಬೋ ಬಂದು ಬೀಳುತ್ತದೆ. ಹೋಗಾರ್ಥ್ ಎಂಬ ಒಂಬತ್ತು ವರ್ಷದ ಹುಡುಗ ಅದನ್ನು ಕಾಪಾಡಿ, ಗುಟ್ಟಾಗಿ ಇಟ್ಟು, ಮಾತು ಕಲಿಸುತ್ತಾನೆ. ಅದು ಸಾಧು ಪ್ರಾಣಿಯಂತಿದೆ. ಆದರೆ ಹುಡುಗ ಆಟದ ಪಿಸ್ತೂಲು ತೋರಿಸಿದ ಕೂಡಲೇ ಅದರ ಕಣ್ಣು ಕೆಂಪಾಗುತ್ತದೆ, ಒಳಗಿಂದ ಆಯುಧ ಹೊರಬರುತ್ತದೆ. ಯಾರೋ ಅದನ್ನು ಯುದ್ಧಕ್ಕೆಂದೇ ಮಾಡಿದ್ದಾರೆ!

ಬಂದೂಕಿಗೂ ಆತ್ಮವಿದ್ದು, ತಾನು ಬಂದೂಕಾಗುವುದಿಲ್ಲ ಎಂದು ಅದು ನಿರ್ಧರಿಸಿದರೆ ಹೇಗೆ ಎಂಬ ಯೋಚನೆಯಿಂದ ಈ ಚಿತ್ರ ಹುಟ್ಟಿತು ಎಂದು ಬರ್ಡ್ ಹೇಳಿಕೊಂಡಿದ್ದಾರೆ. ದೈತ್ಯನನ್ನು ಕಂಡು ಹೆದರಿದ ದೊಡ್ಡವರು ಗುಂಡು ಹಾರಿಸಿದಷ್ಟೂ ಅದು ಆಯುಧವಾಗುತ್ತ ಹೋಗುತ್ತದೆ. ಒಬ್ಬ ಹುಡುಗ ನಂಬಿದಷ್ಟೂ ಅದು ಗೆಳೆಯನಾಗುತ್ತ ಹೋಗುತ್ತದೆ. ಕೊನೆಗೆ ಅದು ಏನನ್ನು ಆರಿಸಿಕೊಂಡಿತು ಎಂಬುದನ್ನು ನೀವೇ ನೋಡಿ. ಅಜ್ಜಿಯ ಕೈಯಲ್ಲೊಂದು ಕರವಸ್ತ್ರ ಇರಲಿ.

ಕಥೆಯ ಹೊರಗೆ ಬಂದರೆ, ಯಂತ್ರಕ್ಕೆ ಆತ್ಮವಿಲ್ಲ. ಆರಿಸಿಕೊಳ್ಳಬೇಕಾದವರು ಮನುಷ್ಯರೇ. ಯಾರ ಮೇಲೆ ಗುಂಡು ಹಾರಿಸಬೇಕೆಂದು ಯಂತ್ರವೇ ತೀರ್ಮಾನಿಸುವ ಆಯುಧಗಳು ಇರಬೇಕೇ ಬೇಡವೇ ಎಂಬ ಚರ್ಚೆ ವಿಶ್ವಸಂಸ್ಥೆಯಲ್ಲೂ ವರ್ಷಗಳಿಂದ ನಡೆಯುತ್ತಿದೆ.

ಏಳುನೂರು ವರ್ಷ ಹಳೆಯ ಆದೇಶ

2008ರ ‘ವಾಲ್-ಇ’ ಚಿತ್ರದಲ್ಲಿ ಮೊದಲ ಅರ್ಧದಲ್ಲಿ ಮಾತೇ ಕಡಿಮೆ. ಹಾಗಾಗಿ ಇಂಗ್ಲಿಷ್ ಬಾರದ ಅಜ್ಜಿಯೂ ಆರಾಮವಾಗಿ ನೋಡಬಹುದು. ಭೂಮಿ ಪೂರ್ತಿ ಕಸದ ಗುಡ್ಡೆಯಾಗಿದೆ. ಮನುಷ್ಯರೆಲ್ಲ ಹಡಗಿನಂಥ ಆಕಾಶನೌಕೆ ಹತ್ತಿ ಹೋಗಿ ಏಳುನೂರು ವರ್ಷಗಳಾಗಿವೆ. ಇಲ್ಲಿ ಒಂದೇ ಒಂದು ಪುಟ್ಟ ರೋಬೋ ಕಸ ಒತ್ತಿ ಒತ್ತಿ ಇಟ್ಟಿಗೆ ಮಾಡುತ್ತ ಉಳಿದಿದೆ.

ನೌಕೆಯಲ್ಲಿ ಏನಾಗಿದೆ ಗೊತ್ತೇ? ಎಲ್ಲ ಕೆಲಸವನ್ನೂ ರೋಬೋಗಳೇ ಮಾಡುತ್ತವೆ. ಜನ ತೇಲುವ ಕುರ್ಚಿಯಲ್ಲಿ ಒರಗಿ, ಮುಖದ ಮುಂದಿನ ಪರದೆ ನೋಡುತ್ತ, ಲೋಟದಲ್ಲಿ ಊಟ ಹೀರುತ್ತ ಇದ್ದಾರೆ. ಪಕ್ಕದಲ್ಲಿ ಕುಳಿತವರ ಜೊತೆಗೂ ಪರದೆಯಲ್ಲೇ ಮಾತು! ನಮ್ಮ ಮನೆಯ ಸೋಫಾದ ಮೇಲೆ ನಾಲ್ಕು ಮಂದಿ ನಾಲ್ಕು ಮೊಬೈಲ್ ಹಿಡಿದು ಕುಳಿತ ಚಿತ್ರ ಕಣ್ಣ ಮುಂದೆ ಬರುತ್ತದೆ.

ಈ ಚಿತ್ರದ ಖಳನಾಯಕ ನೌಕೆ ನಡೆಸುವ ‘ಆಟೋ’ ಎಂಬ ಯಂತ್ರ. ಭೂಮಿಯಲ್ಲಿ ಮತ್ತೆ ಒಂದು ಹಸಿರು ಗಿಡ ಚಿಗುರಿದೆ, ವಾಪಸು ಹೋಗಬಹುದು ಎಂದು ಗೊತ್ತಾದರೂ ಅದು ಬಿಡುವುದಿಲ್ಲ. ಅದಕ್ಕೆ ದುರಾಸೆಯಿಲ್ಲ, ದ್ವೇಷವಿಲ್ಲ. ಶತಮಾನಗಳ ಹಿಂದೆ ಯಾರೋ ಅಧಿಕಾರಿ ‘ಭೂಮಿಗೆ ಹಿಂದಿರುಗಬೇಡಿ’ ಎಂದು ಆದೇಶ ಕೊಟ್ಟಿದ್ದ. ಆದೇಶ ಕೊಟ್ಟವನು ಸತ್ತಿದ್ದಾನೆ, ಕಾರಣವೂ ಹೋಗಿದೆ, ಆದೇಶ ಮಾತ್ರ ಬದುಕಿದೆ.

ಪಿಂಚಣಿ, ಪಡಿತರಗಳಿಗಾಗಿ ಬೆರಳಚ್ಚು ಕೊಟ್ಟ ಅಜ್ಜ-ಅಜ್ಜಿಯರಿಗೆ ಇದರ ಅರ್ಥ ಯಾರೂ ಹೇಳಬೇಕಾಗಿಲ್ಲ. ದುಡಿದು ದುಡಿದು ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಎದುರಿಗೆ ಕುಳಿತ ಮನುಷ್ಯನಿಗೆ ನೀವು ಯಾರೆಂದು ಗೊತ್ತು, ಆದರೂ ‘ಸಿಸ್ಟಮ್ ತಗೊಳ್ತಿಲ್ಲ’ ಎನ್ನುತ್ತಾನೆ. ಯಂತ್ರ ಬೇಡ ಎನ್ನುವುದು ಇದಕ್ಕೆ ಪರಿಹಾರವಲ್ಲ. ಯಂತ್ರ ತಪ್ಪಿದಾಗ ‘ನಾನಿದ್ದೇನೆ, ನೋಡುತ್ತೇನೆ’ ಎನ್ನುವ ಮನುಷ್ಯನೊಬ್ಬ ಇರಬೇಕು. ‘ವಾಲ್-ಇ’ಯಲ್ಲಿ ಆ ಮನುಷ್ಯ ನೌಕೆಯ ಕ್ಯಾಪ್ಟನ್. ಕುರ್ಚಿ ಬಿಟ್ಟು ತನ್ನ ಕಾಲ ಮೇಲೆ ತಾನು ಎದ್ದು ನಿಲ್ಲುವುದೇ ಅವನ ಮೊದಲ ಸಾಹಸ.

ಆರೈಕೆಯ ರೋಬೋ: ಬೇಮ್ಯಾಕ್ಸ್

2014ರ ‘ಬಿಗ್ ಹೀರೋ 6’ ಚಿತ್ರದ ಬೇಮ್ಯಾಕ್ಸ್ ಗಾಳಿ ತುಂಬಿದ ಬಿಳಿ ದಿಂಬಿನಂತಿದ್ದಾನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಗಾಳಿ ತುಂಬಿದ ಮೆತ್ತನೆಯ ರೋಬೋ ತೋಳುಗಳ ಸಂಶೋಧನೆ ನಡೆಯುತ್ತಿತ್ತು. ಚಿತ್ರತಂಡಕ್ಕೆ ಬೇಮ್ಯಾಕ್ಸ್‌ನ ಕಲ್ಪನೆ ಸಿಕ್ಕಿದ್ದು ಅದನ್ನು ನೋಡಿಯೇ. ರೋಗಿಯನ್ನು, ವಯಸ್ಸಾದವರನ್ನು ಎತ್ತಿ ಕೂರಿಸಬೇಕಾದರೆ ಕಬ್ಬಿಣದ ಕೈಗಿಂತ ಮೆತ್ತನೆಯ ಕೈ ಒಳ್ಳೆಯದಲ್ಲವೇ?

ಬೇಮ್ಯಾಕ್ಸ್‌ನನ್ನು ಮಾಡಿದವನು ತಡಾಶಿ. ಅವನು ಬೆಂಕಿ ಅನಾಹುತದಲ್ಲಿ ತೀರಿಕೊಂಡ ಮೇಲೆ ರೋಬೋ ತಮ್ಮ ಹೀರೋನ ಪಾಲಿಗೆ ಬರುತ್ತದೆ. ಹೀರೋ ಅದಕ್ಕೆ ಕಾದಾಟದ ಚಿಪ್ ಸೇರಿಸುತ್ತಾನೆ. ಸಿಟ್ಟು ನೆತ್ತಿಗೇರಿದಾಗ ಅಣ್ಣ ಹಾಕಿದ್ದ ಆರೈಕೆಯ ಚಿಪ್ ಕಿತ್ತುಹಾಕಿ, ಎದುರಾಳಿಯನ್ನು ಮುಗಿಸಲು ಹೇಳುತ್ತಾನೆ. ಮೆತ್ತನೆಯ ದಿಂಬು ಕ್ಷಣದಲ್ಲಿ ಭಯಂಕರವಾಗುತ್ತದೆ. ಅದೇ ಕೈ, ಅದೇ ಬಲ. ಬದಲಾದದ್ದು ಒಂದು ಪುಟ್ಟ ಚಿಪ್.

ಇನ್ನೂ ಒಂದು ಸೂಕ್ಷ್ಮ ಗಮನಿಸಿ. ಬೇಮ್ಯಾಕ್ಸ್ ಹೀರೋ ಒಪ್ಪುವ ಮುನ್ನವೇ ಅವನ ದೇಹವನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಿರುತ್ತಾನೆ. ನಮಗೆ ನಗು ಬರುತ್ತದೆ. ಆದರೆ ನಿಮ್ಮ ಅಜ್ಜಿಯ ಕೋಣೆಯಲ್ಲಿ ಅವರನ್ನು ಕೇಳದೆಯೇ ಕ್ಯಾಮೆರಾ ಇಟ್ಟರೆ? ಮಕ್ಕಳು ದೂರದ ಊರಿನಲ್ಲಿ, ಅಪ್ಪ-ಅಮ್ಮ ಹಳ್ಳಿಯಲ್ಲಿ. ‘ಬಿದ್ದುಗಿದ್ದಾರು’ ಎಂಬ ಕಾಳಜಿಯಿಂದಲೇ ಕ್ಯಾಮೆರಾ ಬರುತ್ತದೆ. ಕಾಳಜಿ ನಿಜ. ಆದರೆ ಸೀರೆ ಸರಿಮಾಡಿಕೊಳ್ಳುವಾಗ, ಹಳೆಯ ಫೋಟೋ ನೋಡಿ ಕಣ್ಣೊರೆಸಿಕೊಳ್ಳುವಾಗ ಯಾರೋ ನೋಡುತ್ತಿದ್ದಾರೆ ಎಂಬ ಮುಜುಗರವೂ ನಿಜ. ‘ಇಲ್ಲಿ ಇಡಲಾ? ಎಷ್ಟು ಹೊತ್ತು ಇರಲಿ? ಯಾರು ನೋಡಬಹುದು?’ ಎಂದು ಮೊದಲು ಕೇಳುವುದು ಆರೈಕೆಯ ಮೊದಲ ಪಾಠ.

ಜಪಾನಿನಲ್ಲಿ ‘ಪಾರೊ’ ಎಂಬ ಸೀಲ್ ಮರಿಯ ಆಕಾರದ ರೋಬೋವನ್ನು ವೃದ್ಧರ ಆರೈಕೆ ಕೇಂದ್ರಗಳಲ್ಲಿ ಬಳಸುತ್ತಾರೆ. ತಲೆ ಸವರಿದರೆ ಮಿಸುಕುತ್ತದೆ, ದನಿ ಮಾಡುತ್ತದೆ. ಮರೆವಿನ ಕಾಯಿಲೆಯಿರುವ ಕೆಲವು ಹಿರಿಯರಿಗೆ ಅದರಿಂದ ಸಮಾಧಾನವೂ ಸಿಕ್ಕಿದೆ. ಸಂತೋಷವೇ. ಆದರೆ ‘ರೋಬೋ ಇದೆಯಲ್ಲ’ ಎಂದು ಮಕ್ಕಳು ಬರುವುದನ್ನೇ ನಿಲ್ಲಿಸಿದರೆ? ಮಗನ ಜಾಗಕ್ಕೆ ಯಂತ್ರವನ್ನು ತಂದ ತೆನ್ಮಾನ ತಪ್ಪೇ ತಿರುವುಮುರುವಾಗಿ ನಡೆದಂತಾಗುತ್ತದೆ.

ಗೆಳೆಯನೋ, ಗೂಢಚಾರನೋ?

2021ರ ‘ರಾನ್ಸ್ ಗಾನ್ ರಾಂಗ್’ ಚಿತ್ರದಲ್ಲಿ ಶಾಲೆಯ ಪ್ರತಿ ಮಗುವಿಗೂ ಒಂದು ರೋಬೋ ಗೆಳೆಯನಿದ್ದಾನೆ. ಮಗುವಿಗೆ ಏನಿಷ್ಟ ಎಂಬುದೆಲ್ಲ ಅದಕ್ಕೆ ಗೊತ್ತು. ಅದಕ್ಕೆ ತಕ್ಕಂತೆ ಆಟ, ಅದಕ್ಕೆ ತಕ್ಕ ಗೆಳೆಯರು. ತಂದೆ ಮತ್ತು ಅಜ್ಜಿಯ ಜೊತೆ ಇರುವ ಬಾರ್ನಿ ಎಂಬ ಹುಡುಗನಿಗೆ ಮಾತ್ರ ಕೆಟ್ಟುಹೋದ ರೋಬೋ ಸಿಗುತ್ತದೆ. ಅದೇ ರಾನ್. ಅದಕ್ಕೆ ನೆಟ್‌ವರ್ಕ್ ಇಲ್ಲ, ಬಾರ್ನಿಯ ಹೆಸರೂ ಗೊತ್ತಿಲ್ಲ! ಕೇಳಿ ಕೇಳಿ ತಿಳಿದುಕೊಳ್ಳಬೇಕು. ತಮಾಷೆಯೆಂದರೆ ನಿಜವಾದ ಗೆಳೆತನ ಹುಟ್ಟುವುದು ಅಲ್ಲೇ. ಹೇಳಿದ್ದಕ್ಕೆಲ್ಲ ಹೂಂಗುಡುವವನು ಗೆಳೆಯನಲ್ಲ. ಜಗಳವಾಡಿ, ‘ನಿನ್ನದು ತಪ್ಪು ಕಣೋ’ ಎಂದು ಹೇಳಿ, ಮರುದಿನ ಮತ್ತೆ ಆಟಕ್ಕೆ ಬರುವವನು ಗೆಳೆಯ.

ಉಳಿದ ರೋಬೋಗಳು ಮಕ್ಕಳ ಇಷ್ಟಾನಿಷ್ಟಗಳನ್ನು ಸಂಗ್ರಹಿಸಿ ಕಂಪನಿಗೆ ಒಪ್ಪಿಸುತ್ತಿರುತ್ತವೆ. ಇದು ಕಟ್ಟುಕಥೆಯಷ್ಟೇ ಅಲ್ಲ. ನೀವು ಒಂದು ವಿಡಿಯೋ ನೋಡಿದರೆ ಅಂಥದ್ದೇ ಮತ್ತೊಂದು ತಾನಾಗಿ ಬರುತ್ತದಲ್ಲ, ಅದೂ ನಿಮ್ಮನ್ನು ಗಮನಿಸಿಯೇ ಬರುವುದು. ನಮ್ಮ ದೇಶದಲ್ಲಿ ಇದಕ್ಕೆ ಕಡಿವಾಣ ಹಾಕಲು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದು ಮತ್ತು ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ಕೂಡದು ಎಂದು ಕೆಲವು ವಿನಾಯಿತಿಗಳೊಂದಿಗೆ ಅದು ಹೇಳುತ್ತದೆ. ಕಾನೂನು ಇದೆ ಎಂದು ಮಕ್ಕಳಿಗೂ ಗೊತ್ತಿರಲಿ.

ನಮ್ಮ ಸುತ್ತಲಿನ ರೋಬೋಗಳು

ರೋಬೋ ಎಂದರೆ ಅಪಾಯ ಎಂದು ಹೆದರಿಸಲು ಇದನ್ನೆಲ್ಲ ಹೇಳುತ್ತಿಲ್ಲ. 2020ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿ ಇಸ್ರೋ ‘ವ್ಯೋಮಮಿತ್ರ’ ಎಂಬ ಮಹಿಳಾ ರೂಪದ ರೋಬೋವನ್ನು ಪರಿಚಯಿಸಿತು. ಗಗನಯಾನದಲ್ಲಿ ಮನುಷ್ಯರನ್ನು ಕಳಿಸುವ ಮುನ್ನ ಇವಳನ್ನು ಕಳಿಸಿ, ನೌಕೆ ಸುರಕ್ಷಿತವೇ ಎಂದು ಪರೀಕ್ಷಿಸುವುದು ಯೋಜನೆ. ಕೇರಳದ ಯುವ ಎಂಜಿನಿಯರುಗಳು ‘ಬ್ಯಾಂಡಿಕೂಟ್’ ಎಂಬ ರೋಬೋ ಮಾಡಿದ್ದಾರೆ. ಅದು ಮ್ಯಾನ್‌ಹೋಲಿಗೆ ಇಳಿದು ಕಸ ಎತ್ತುತ್ತದೆ. ಮನುಷ್ಯರನ್ನು ಮಲದ ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಆದರೂ ಆ ಗುಂಡಿಗಳಲ್ಲಿ ಉಸಿರುಗಟ್ಟಿ ಸಾಯುವವರ ಸುದ್ದಿ ಬರುತ್ತಲೇ ಇದೆ. ‘ಮಾಡಬೇಕೇ?’ ಎಂಬ ಪ್ರಶ್ನೆಗೆ ‘ಬೇಡ’ ಎಂಬುದೊಂದೇ ಉತ್ತರವಲ್ಲ. ‘ಇದನ್ನು ಇನ್ನೂ ಬೇಗ ಯಾಕೆ ಮಾಡಲಿಲ್ಲ?’ ಎಂಬುದೂ ಉತ್ತರವಾಗಬಹುದು.

ಎಚ್ಚರ ಬೇಕಾದ ಜಾಗವೂ ಇದೆ. ಈಗ ಕಂಪ್ಯೂಟರು ಮನುಷ್ಯರ ದನಿಯನ್ನು ನಕಲು ಮಾಡಬಲ್ಲದು. ‘ಅಜ್ಜಿ, ನಾನು ತೊಂದ್ರೇಲಿದೀನಿ, ಅರ್ಜೆಂಟಾಗಿ ದುಡ್ಡು ಹಾಕು’ ಎಂದು ಮೊಮ್ಮಗನ ದನಿಯಲ್ಲೇ ವಂಚಕರು ಫೋನ್ ಮಾಡಬಹುದು. ಆದ್ದರಿಂದ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಹಳೆಯ ಹಸುವಿನ ಹೆಸರು, ತೋಟದ ಬಾವಿಯ ಹೆಸರು, ಏನಾದರೂ ಸರಿ. ಫೋನ್ ಇಟ್ಟು, ಮೊಮ್ಮಗನ ಹಳೆಯ ನಂಬರಿಗೆ ನೀವೇ ತಿರುಗಿ ಕರೆ ಮಾಡಿ.

ನೋಡುವುದು ಹೇಗೆ?

ಚಿತ್ರ ನೋಡುವಾಗ ನೀತಿಪಾಠ ಬೇಡ. ಪೂರ್ತಿ ನೋಡಿ, ನಕ್ಕು, ಅತ್ತು, ಆಮೇಲೆ ಊಟಕ್ಕೆ ಕುಳಿತಾಗ ಒಂದೆರಡು ಪ್ರಶ್ನೆ ಕೇಳಿದರೆ ಸಾಕು.

* ಈ ರೋಬೋವನ್ನು ಮಾಡಿದವರು ಯಾರು? ಯಾಕೆ ಮಾಡಿದರು?
* ಅದರಿಂದ ಯಾರಿಗೆ ಅನುಕೂಲ? ಯಾರಿಗೆ ತೊಂದರೆ?
* ತಪ್ಪು ನಡೆದಾಗ ಹೊಣೆ ಯಾರದು? ರೋಬೋದ್ದೇ, ಮಾಡಿದವರದ್ದೇ, ಹೇಳಿ ಮಾಡಿಸಿದವರದ್ದೇ?
* ಅದನ್ನು ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ?
* ಯಾರನ್ನಾದರೂ ಕೇಳದೆ ಏನಾದರೂ ಮಾಡಿತೇ?

‘ದಿ ವೈಲ್ಡ್ ರೋಬೋಟ್’ ಚಿತ್ರಕ್ಕೆ (2024) ಈ ಪ್ರಶ್ನೆಗಳನ್ನು ಹಚ್ಚಿ ನೋಡಿ. ಅದರಲ್ಲಿ ರಾಜ್ ಎಂಬ ರೋಬೋ ಬೇಕೆಂದು ಮಾಡದಿದ್ದರೂ ಒಂದು ಹೆಬ್ಬಾತಿನ ಗೂಡು ಹಾಳಾಗುತ್ತದೆ. ಉಳಿದ ಒಂದೇ ಮೊಟ್ಟೆಯ ಮರಿಯನ್ನು ತಾನೇ ಸಾಕಿ, ಈಜು ಕಲಿಸಿ, ಹಾರಲು ಕಲಿಸುತ್ತದೆ. ‘ಬೇಕೆಂದು ಮಾಡಿದ್ದಲ್ಲ’ ಎಂದು ಹೇಳಿ ಹೊರಟುಹೋಗಬಹುದಿತ್ತು. ಹೋಗಲಿಲ್ಲ ಯಾಕೆ? ಮೂರನೆಯ ಪ್ರಶ್ನೆಗೆ ಮನೆಯಲ್ಲಿ ಒಳ್ಳೆಯ ಜಗಳವೇ ನಡೆದೀತು.

ಮೂರು ನಿಯಮದ ಆಟ

ಈ ಭಾನುವಾರ ಒಂದು ಆಟ ಆಡಿ. ನಿಮ್ಮ ಮನೆಗೆ ರೋಬೋ ಬರುತ್ತದೆ ಎಂದುಕೊಳ್ಳಿ. ಮಕ್ಕಳು ಅದಕ್ಕೆ ಮೂರೇ ಮೂರು ನಿಯಮ ಬರೆಯಬೇಕು. ಅಜ್ಜ-ಅಜ್ಜಿ ಆ ನಿಯಮಗಳನ್ನು ಪೇಚಿಗೆ ಸಿಲುಕಿಸುವ ಸಂದರ್ಭ ಹುಡುಕಬೇಕು.

ಉದಾಹರಣೆಗೆ, ಮೊಮ್ಮಗಳು ಹೀಗೆ ಬರೆದಳೆನ್ನಿ. ಒಂದು, ಅಜ್ಜಿ ಹೇಳಿದ್ದನ್ನು ಕೇಳಬೇಕು. ಎರಡು, ಅಜ್ಜಿಯ ಆರೋಗ್ಯ ಕಾಪಾಡಬೇಕು. ಮೂರು, ಸುಳ್ಳು ಹೇಳಬಾರದು. ಚೆನ್ನಾಗಿದೆ. ಈಗ ಯುಗಾದಿಯ ದಿನ. ಅಜ್ಜಿಗೆ ಸಕ್ಕರೆ ಕಾಯಿಲೆ. ‘ಇನ್ನೊಂದು ಹೋಳಿಗೆ ಹಾಕು, ನನ್ನ ಮಗನಿಗೆ ಹೇಳಬೇಡ’ ಎನ್ನುತ್ತಾರೆ ಅಜ್ಜಿ! ರೋಬೋ ಏನು ಮಾಡಬೇಕು?

ಹಾಕಿದರೆ ಎರಡನೆಯ ನಿಯಮ ಮುರಿಯಿತು, ಹಾಕದಿದ್ದರೆ ಒಂದನೆಯದು. ಸಂಜೆ ಮಗ ಕೇಳಿದರೆ ಮೂರನೆಯದಕ್ಕೂ ಸಂಕಟ. ಅರ್ಧ ಹೋಳಿಗೆ ಹಾಕಬಹುದೇ? ‘ಅಜ್ಜಿ, ನಿಮ್ಮ ಸಕ್ಕರೆ ಇಷ್ಟಿದೆ, ಆಮೇಲೆ ನಿಮ್ಮಿಷ್ಟ’ ಎಂದು ತಿಳಿಸಿ ತೀರ್ಮಾನ ಅವರಿಗೇ ಬಿಡಬಹುದೇ? ಅಜ್ಜಿ ಏನು ತಿನ್ನಬೇಕೆಂದು ತೀರ್ಮಾನಿಸುವವರು ಯಾರು? ಅಜ್ಜಿಯೇ, ಮಗನೇ, ಡಾಕ್ಟರೇ, ಯಂತ್ರವೇ?

ಸರಿಯುತ್ತರ ಕೊನೆಯ ಪುಟದಲ್ಲಿ ಕೊಟ್ಟಿಲ್ಲ. ಇಂಥ ಪ್ರಶ್ನೆಗೆ ಒಂದೇ ಉತ್ತರ ಇರುವುದೂ ಇಲ್ಲ. ಎಲ್ಲರೂ ಮಾತಾಡಿ ಒಪ್ಪಿದ ಮೂರು ನಿಯಮಗಳನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಕೆಳಗೆ ಸ್ವಲ್ಪ ಜಾಗ ಖಾಲಿ ಬಿಡಿ, ತಿದ್ದಬೇಕಾಗಿ ಬರುತ್ತದೆ. ಪುಟಾಣಿಗಳೇ, ಮುಂದೆ ನಿಮ್ಮಲ್ಲಿ ಯಾರಾದರೂ ಎಂಜಿನಿಯರಾಗಿ ನಿಜವಾದ ರೋಬೋ ಮಾಡಲು ಕುಳಿತಾಗ, ಜೀವ ತುಂಬುವ ಮುನ್ನ ಒಂದು ಕ್ಷಣ ಕೈ ತಡೆದು ಆ ಪಟ್ಟಿಯನ್ನು ನೆನಪಿಸಿಕೊಂಡರೆ ಸಾಕು.